ಮಿಕ್ಸರ್ ಒಂದು

ದುರ್ಗಿಗುಡಿಯ ಎರಡನೇ ತಿರುವಿನಲ್ಲಿ ನಮ್ಮ ಅಂಗಡಿ.
ಗಾಜಿನ ಕಪಾಟಿನ ನಡುಹಲಗೆಯಲ್ಲಿ ಒಂದು ಕೆಂಪು ಮಿಕ್ಸರ್.
ಮೂರು ಜಾರು, ಎರಡು ವರ್ಷ ವಾರಂಟಿ.
ನಾನು ಕೆಲಸಕ್ಕೆ ಸೇರಿಯೇ ಮೂರು ವರ್ಷವಾಯಿತು;
ಅದಿನ್ನೂ ಒಂದು ಹಿಡಿ ಕಾಯಿ ರುಬ್ಬಿಲ್ಲ.

ಆದರೂ ಈ ತಿಂಗಳು ಅದನ್ನು
ನಲವತ್ತೊಂದು ಸಲ ಮಾರಿದ್ದೇವೆ.

ಸಂಜೆ ಆರರ ಮೇಲೆ ಬರುತ್ತಾರೆ, ಒಬ್ಬೊಬ್ಬರೇ.
ಚಪ್ಪಲಿ ಬಿಡಬೇಕಾದ ಜಾಗವಲ್ಲ ಇದು,
ಆದರೂ ಕೆಲವರು ಹೊರಗೇ ಬಿಡುತ್ತಾರೆ.
ಕಾರ್ಡು ಕೊಡುತ್ತಾರೆ. ಉಜ್ಜುತ್ತೇನೆ.
ಯಂತ್ರ ಬಿಳಿ ನಾಲಿಗೆ ಚಾಚುತ್ತದೆ.
ಬಿಲ್ಲಿನಲ್ಲಿ ಬರೆಯುತ್ತೇನೆ: ಮಿಕ್ಸರ್ ಒಂದು.
ಕಷ್ಟ ದೊಡ್ಡದಿದ್ದರೆ, ಮಿಕ್ಸರ್ ನಾಲ್ಕು.
ರುದ್ರೇಶಣ್ಣ ಗಲ್ಲಾದಿಂದ ನೋಟು ಎಣಿಸುತ್ತಾರೆ
ನೂರಕ್ಕೆ ಎರಡೂವರೆ ಮುರಿದುಕೊಂಡು.
ಅವರ ತಲೆಯ ಮೇಲೆ ಅವರಪ್ಪನ ಕಾಲದ ಬೋರ್ಡು:
ಇಂದು ನಗದು, ನಾಳೆ ಉದ್ರಿ.

ನರ್ಸಿಂಗ್ ಹೋಮಿನ ಸ್ಟೆಲ್ಲಾಬಾಯಿಗೆ ಐದನೇ ತಾರೀಕು ಗಡುವು.
ನಾಲ್ಕರ ಸಂಜೆ ಈ ಕಾರ್ಡಿನಿಂದ ತೆಗೆದು
ಆ ಕಾರ್ಡಿನ ಬಾಯಿಗೆ ಹಾಕುತ್ತಾರೆ,
ಇಪ್ಪತ್ತರಂದು ಅದರಿಂದ ತೆಗೆದು ಇದಕ್ಕೆ.
'ಒಂದು ಪೇಷಂಟಿನ ರಕ್ತ ಇನ್ನೊಂದಕ್ಕೆ,
ಇಬ್ಬರೂ ಬದುಕಿದ್ದಾರೆ ನೋಡು' ಅಂತ ನಗುತ್ತಾರೆ.

ಆಟೋ ಇಮ್ತಿಯಾಜನಿಗೆ ಕಾರ್ಡು ಸಿಕ್ಕಿದ್ದು ಪೆಟ್ರೋಲ್ ಬಂಕಿನಲ್ಲಿ,
ಟೈ ಕಟ್ಟಿದ ಹುಡುಗ ಬ್ಯಾಗೊಂದು ಪುಕ್ಕಟೆ ಕೊಟ್ಟಿದ್ದ.
ಬ್ಯಾಗಿನ ಜಿಪ್ಪು ಆರು ತಿಂಗಳಿಗೆ ಹೋಯಿತು.
ಕಾರ್ಡು ಗಟ್ಟಿ ಮಾಲು.

ಡ್ರಾಯಿಂಗ್ ಮೇಷ್ಟ್ರು ಓಂಕಾರಪ್ಪ ಕಟ್ಟುವುದು
ಯಾವಾಗಲೂ ಕನಿಷ್ಠ ಮೊತ್ತ.
ಒಂದು ದಿನ ಬಿಲ್ಲಿನ ಬೆನ್ನಿಗೆ ಮಿಕ್ಸರಿನ ಚಿತ್ರ ಬರೆದರು,
ಪಕ್ಕದಲ್ಲಿ ಉದ್ದಕ್ಕೆ ನೆರಳು ಎಳೆದರು.
'ಬಡ್ಡಿ ಅಂದ್ರೆ ಇದೇ ಕಣಮ್ಮ.
ಸಾಮಾನು ಇದ್ದಷ್ಟೇ ಇರುತ್ತೆ,
ಹೊತ್ತಿಳಿದ ಹಾಗೆ ಇದು ಬೆಳೆಯುತ್ತೆ.'

ನಾನೂ ಎರಡು ಸಲ ನನಗೇ ಮಾರಿಕೊಂಡಿದ್ದೇನೆ.
ಮೊದಲನೆಯದು ದವಡೆ ಹಲ್ಲಿಗೆ.
ಎರಡನೆಯದು ಮೊದಲನೆಯದಕ್ಕೆ.
ರುದ್ರೇಶಣ್ಣ ಅರ್ಧ ಪರ್ಸೆಂಟು ಬಿಟ್ಟರು,
ನಮ್ಮ ಹುಡುಗಿಯೇ ಅಲ್ವಾ ಅಂತ.

ಬಲ್ಬು ಸುತ್ತಿಕೊಡುವ ಹಳೇ ಪೇಪರಿನಲ್ಲಿ ಓದಿದೆ:
ಮನೆಮಂದಿ ಧಾರಾಳವಾಗಿ ಕೊಳ್ಳುತ್ತಿದ್ದಾರಂತೆ,
ಅಡುಗೆಮನೆ ಸಾಮಾನಿಗೆ ಬೇಡಿಕೆ ಏರಿದೆಯಂತೆ,
ಆರ್ಥಿಕತೆ ಮೈಕೊಡವಿ ಎದ್ದಿದೆಯಂತೆ.
ಕಪಾಟಿನ ಕಡೆ ನೋಡಿದೆ.
ಅದು ಏನೂ ಗೊತ್ತಿಲ್ಲದ ಹಾಗೆ ಕೂತಿತ್ತು.

ಹೋದ ಮಂಗಳವಾರ ಹೊಳಲೂರು ಕಡೆಯ ಹೆಂಗಸು ಬಂದಳು,
ಸೀಗೆಹಟ್ಟಿಯ ಅಂಗಡಿಗಳಿಗೆ ಹಪ್ಪಳ ಹಾಕುವವಳು,
ದೇವೀರಮ್ಮ ಅಂತ ಹೆಸರು.
'ಆ ಕೆಂಪುದು ಎಷ್ಟು?'

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.
ಮೂರು ವರ್ಷದಲ್ಲಿ ಅದರ ರೇಟು ಕೇಳಿದವರಿಲ್ಲ.
'ಅದು ತೋರ್ಸೋಕೆ ಇಟ್ಟಿದ್ದು' ಅಂದರು ರುದ್ರೇಶಣ್ಣ.
'ತೋರ್ಸಿ ಹಂಗಾದ್ರೆ.'

ಪ್ಲಗ್ ಹಾಕಿದೆ. ಮೊದಲು ನರಳಿತು,
ಹೊಟ್ಟೆಯಿಂದ ಬೂದಿಯಂಥ ಧೂಳು ಕಾರಿತು,
ಆಮೇಲೆ ಗಾಜೆಲ್ಲ ಅದುರುವ ಹಾಗೆ
ನಲವತ್ತೊಂದು ಮನೆಯ ಮಸಾಲೆ
ಒಟ್ಟಿಗೇ ರುಬ್ಬತೊಡಗಿತು.

ಇನ್ನೂರು ಚೌಕಾಶಿ ಮಾಡಿದಳು.
ಕರ್ಚೀಫಿನ ಗಂಟು ಬಿಚ್ಚಿ ಎರಡೆರಡು ಸಲ ಎಣಿಸಿದಳು.
ಬಿಲ್ ಬರೆಯಲು ಪೆನ್ನೆತ್ತಿದೆ.
'ಬಿಲ್ಲು ಗಿಲ್ಲು ಯಾಕವ್ವ, ಬಸ್ಸಿಗೆ ಹೊತ್ತಾಯ್ತು.'
ಹೀಗೆ, ನಿಜಕ್ಕೂ ಮಾರಿದ ಆ ಒಂದು ಮಿಕ್ಸರು
ಯಾವ ಲೆಕ್ಕದಲ್ಲೂ ಇಲ್ಲ.

ಅವತ್ತು ನಾಲ್ಕನೇ ತಾರೀಕು.
ಆರೂಕಾಲಿಗೆ ಸ್ಟೆಲ್ಲಾಬಾಯಿ ಕಾರ್ಡು ಹಿಡಿದು ಬಂದರು.
ಹಲಗೆಯ ಧೂಳಿನಲ್ಲಿ ನಾಲ್ಕು ಕಾಲಿನ ಗುರುತು,
ರೂಪಾಯಿ ಅಗಲ, ದುಂಡಗೆ.
ಅವರು ಅದನ್ನೇ ನೋಡುತ್ತ ನಿಂತರು.
ನಾನು ಆಗಲೇ ಬರೆದಾಗಿತ್ತು, ಮಿಕ್ಸರ್ ಒಂದು.

'ಅಯ್ಯೋ,' ಅಂದರು,
'ನಂದು ಎಲ್ಲಿ ಹೋಯ್ತು?'